ಅಮ್ಮನ ಮೂಗು

ಆರನೆಯ ಪೆಟ್ಟಿಗೂ ಅಮ್ಮನ ಮೂಗು ತುಂಬಿರಲಿಲ್ಲ. ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತವರ ಮೂಗಿನಂತೆ ಚಪ್ಪಟೆಯಾಗಿಯೇ ಇತ್ತು. ಪ್ಯಾರಿಸಿನ ಒಂದು ಪದಕದ ಕಾರ್ಖಾನೆಯಲ್ಲಿ ಓಡಿಲ್ ಉಗುರು ಕಚ್ಚುತ್ತ ನಿಂತಿದ್ದಳು. ತೀರಿಕೊಂಡ ತಾಯಿಯ ಮುಖವನ್ನು ಅವಳು ವರ್ಷವಿಡೀ ಕೂತು ಉಕ್ಕಿನ ಅಚ್ಚಿನಲ್ಲಿ ಕೊರೆದಿದ್ದಳು. ಯಂತ್ರ ಆ ಅಚ್ಚನ್ನು ಕಂಚಿನ ಬಿಲ್ಲೆಗೆ ಬಡಿದು ಪದಕ ಮೂಡಿಸಬೇಕಿತ್ತು. ಅಚ್ಚು ಬಿರುಕು ಬಿಟ್ಟರೆ ಇನ್ನೊಂದಿಲ್ಲ.

"ಇಷ್ಟು ಆಳ ಕೊರೆದರೆ ಕಂಚು ತಳ ಮುಟ್ಟೋದು ಹೇಗೆ ಮಗಳೇ? ಮೂಗು ಸ್ವಲ್ಪ ಸಣ್ಣ ಮಾಡ್ಬಾರದಿತ್ತಾ?" ಎಂದ ಯಂತ್ರ ನಡೆಸುವ ಮುದುಕ ಗ್ಯಾಸ್ಪಾರ್.

"ಮಾಡಿದ್ರೆ ಅಮ್ಮ ಮೇಲಿಂದಲೇ ಬೈತಿದ್ಲು. ಇನ್ನೊಂದು ಪೆಟ್ಟು ಹಾಕಿಬಿಡಿ, ತಾತ."

"ಹೀಗೇ ಹಾಕಿದ್ರೆ ಅಚ್ಚು ಹೋಗುತ್ತೆ. ಪೆಟ್ಟು ತಿಂದೂ ತಿಂದೂ ಕಂಚು ಗಟ್ಟಿಯಾಗಿ ಮೊಂಡು ಹಿಡಿದಿದೆ. ಮೊದಲು ಸಮಾಧಾನ ಮಾಡೋಣ."

ಅವನು ಬಿಲ್ಲೆಯನ್ನು ಮತ್ತೆ ಕೆಂಪಗೆ ಕಾಯಿಸಿ ಮೆದುವಾಗಿಸಿದ. ಅದು ಆರಿದ ಮೇಲೆ ಯಂತ್ರದಲ್ಲಿ ಕೂರಿಸಿದ. ಏಳನೆಯ ಪೆಟ್ಟಿಗೆ ನೆಲ ನಡುಗಿತು. ಪದಕವನ್ನು ನೋಡುವ ಮೊದಲೇ ಗ್ಯಾಸ್ಪಾರ್ ಅಚ್ಚನ್ನು ನಾಣ್ಯದಿಂದ ತಟ್ಟಿ ಕಿವಿಗೊಟ್ಟ. ಬಿರುಕಿದ್ದರೆ ದನಿ ಒಡೆಯುತ್ತಿತ್ತು. ಗಂಟೆಯಂತೆ ತುಂಬಿದ ದನಿ ಬಂತು.

ಆಮೇಲೆ ಪದಕ ಮಗುಚಿ ನೋಡಿದ. ತಲೆಯ ಟೋಪಿ ತೆಗೆದ.

ಓಡಿಲ್ ಹೆಬ್ಬೆರಳಿನಿಂದ ಆ ದುಂಡನೆಯ ಮೂಗನ್ನು ಮುಟ್ಟಿದಳು. ಪೆಟ್ಟಿನ ಕಾವಿಗೆ ಅದಿನ್ನೂ ಬೆಚ್ಚಗಿತ್ತು.