ಬಾಡಿಗೆ ಮನೆಯ ಮಲ್ಲಿಗೆ

ನೆನೆಸಿಟ್ಟ ಕಡಲೆಕಾಯಿ ಹಿಂಡಿಯ ವಾಸನೆ ಯಾರದಾದರೂ ಕೈತೋಟದಿಂದ ಬಂದರೆ, ಶ್ರೀರಾಂಪುರದ ಬಾಡಿಗೆ ಮನೆಯ ಆ ಮಧ್ಯಾಹ್ನ ನೆನಪಾಗಿ ನನಗೆ ಈಗಲೂ ಮೈ ಉರಿಯುತ್ತದೆ.

ನಾವು ಆ ಮನೆಗೆ ಹೋದಾಗ ಕಾಂಪೌಂಡಿನ ಪಕ್ಕದ ಹಳೆಯ ಮಲ್ಲಿಗೆ ಗಿಡಗಳು ಒಣಗಿದ ಕಡ್ಡಿಗಳಾಗಿದ್ದವು. "ಕಿತ್ತು ಬಿಸಾಕ್ಬುಡಿ" ಎಂದಿದ್ದರು ಮಹಡಿಯಲ್ಲಿದ್ದ ಓನರ್ ಆಂಟಿ. ಅಮ್ಮ ಉಗುರಿನಿಂದ ಒಂದು ಕೊಂಬೆಯ ಸಿಪ್ಪೆ ಕೆರೆದು ನೋಡಿದಳು. ಒಳಗೆ ಹಸಿರಿತ್ತು. ಚಳಿಗಾಲದಲ್ಲಿ ಒಣಗಿದ್ದನ್ನೆಲ್ಲ ಸವರಿ, ಬುಡ ಕೆದಕಿ, ಗೊಬ್ಬರ ಹಾಕಿ, ಆಗಾಗ ಹಿಂಡಿ ನೀರು ಸುರಿದಳು. "ಏನಮ್ಮ ಈ ಗಬ್ಬು ನಾತ!" ಎಂದು ಆಂಟಿ ಬಾಲ್ಕನಿಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಬೇಸಿಗೆಗೆ ಗಿಡದ ತುಂಬ ಮೊಗ್ಗು. ಅಂದು ಮಧ್ಯಾಹ್ನ ಅಮ್ಮ ಬಿಡಿಸಲು ಹೊರಟರೆ, ಆಂಟಿ ಆಗಲೇ ಬುಟ್ಟಿ ಹಿಡಿದು ನಿಂತಿದ್ದರು. "ಇನ್ಮೇಲೆ ನೀವು ಕೀಳ್ಬೇಡಿ ಕಣಮ್ಮ. ಬಾಡಿಗೆಗೆ ಕೊಟ್ಟಿರೋದು ಮನೆ, ಗಿಡ ಅಲ್ಲ."

"ಬದುಕ್ಸಿದ್ದು ನಮ್ಮಮ್ಮ!" ಎಂದು ನಾನು ಕಿರುಚಿದೆ. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. "ಸುಮ್ನಿರೇ. ಇನ್ನೊಂದು ಮನೆ ಎಲ್ಲಿ ಹುಡುಕೋಣ?"

ಹೊರಗೆ ಲಟಕ್ಕನೆ ಸದ್ದಾಯಿತು. ಆಂಟಿ ಎಳೆದ ರಭಸಕ್ಕೆ ಎಳೆಯ ರೆಂಬೆಯೊಂದು ಮುರಿದಿತ್ತು. ಅಮ್ಮ ನನ್ನನ್ನು ಬಿಟ್ಟು ಓಡಿದಳು. ಈಗ ಬೈಯುತ್ತಾಳೆ ಎಂದುಕೊಂಡೆ.

"ಎಳೀಬೇಡ್ರೀ, ಹೊಸ ಚಿಗುರು. ನಾನ್ ಹಿಡ್ಕೋತೀನಿ, ನೀವು ಬಿಡಿಸ್ಕೊಳ್ಳಿ" ಎಂದಳು.

ಬುಟ್ಟಿ ತುಂಬುವವರೆಗೂ ಒಂದೊಂದೇ ರೆಂಬೆಯನ್ನು ಮೆಲ್ಲಗೆ ಬಾಗಿಸಿ ಹಿಡಿದಳು. ನಾನು ಬಾಗಿಲಲ್ಲಿ ಹಲ್ಲು ಕಚ್ಚಿಕೊಂಡು ಅಳುತ್ತಿದ್ದೆ. ಕೊನೆಗೆ ಆಂಟಿ ಒಂದು ಹಿಡಿ ಮೊಗ್ಗನ್ನು ಅಮ್ಮನ ಮುಂದೊಡ್ಡಿ, "ತಗೊಳ್ಳಿ, ನಿಮ್ ಮಗೂಗೆ" ಎಂದರು.

ಅಮ್ಮ ರೆಂಬೆಯನ್ನು ಬಿಡಲಿಲ್ಲ, ಕೈಯನ್ನೂ ಚಾಚಲಿಲ್ಲ.