ಗೊತ್ತಿರುವ ತೂಕ

ಯಂತ್ರ ಸುಳ್ಳು ಹೇಳುತ್ತಿತ್ತು. ತಕ್ಕಡಿ ರಿಪೇರಿಯವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಒಳಗಿನ ಕೋಣೆಯಲ್ಲಿ ಅಮ್ಮ ಪಕ್ಕೆ ಕಿತ್ತು ಬರುವಂತೆ ಕೆಮ್ಮುತ್ತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಆದರೂ ಆಕ್ಸಿಜನ್ ನೋಡಲೆಂದು ಬೆರಳಿಗೆ ಸಿಕ್ಕಿಸಿದ ಆ ಪುಟ್ಟ ಯಂತ್ರ ತೊಂಬತ್ತೇಳು ತೋರಿಸಿತ್ತು. ಗಟ್ಟಿಮುಟ್ಟಾದವರ ಅಂಕಿ ಅದು.

ಊರೆಲ್ಲ ಅದೇ ಕಾಯಿಲೆ. ಹೆಂಡತಿಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ, ಮೂಗು ಮಾತ್ರ ಸತ್ತಿತ್ತು. ಎದುರಿಗೇ ಹಾಲು ಸೀದು ಕಪ್ಪಾದರೂ ಅವಳಿಗೆ ಗೊತ್ತಾಗಲಿಲ್ಲ. ಅವನೊಬ್ಬನೇ ಚೆನ್ನಾಗಿದ್ದ. ಅಡುಗೆಯೂ ಅವನದೇ, ತಮಾಷೆಯೂ ಅವನದೇ.

ಹೋದ ವಾರ ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನಗುನಗುತ್ತಲೇ ಕಣ್ಣು ಮುಚ್ಚಿದ್ದರು. ಒಂದು ಸಲವೂ ಕೆಮ್ಮಿರಲಿಲ್ಲ. ಹೃದಯ ನಿಂತಿರಬೇಕು, ಪುಣ್ಯವಂತರ ಸಾವು ಎಂದಿದ್ದರು ಎಲ್ಲರೂ. ಅಮ್ಮನನ್ನೂ ಕಳೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ತಕ್ಕಡಿಯ ಮೇಲೆ ಅನುಮಾನ ಬಂದರೆ ಗೊತ್ತಿರುವ ತೂಕವಿಟ್ಟು ನೋಡಬೇಕು. ಮನೆಯಲ್ಲಿ ಗೊತ್ತಿರುವ ತೂಕವೆಂದರೆ ತಾನೇ. ಬೆರಳಿಗೆ ಸಿಕ್ಕಿಸಿಕೊಂಡ. ಎಪ್ಪತ್ತೊಂದು.

ಅವನು ಜೋರಾಗಿ ನಕ್ಕುಬಿಟ್ಟ. ಎಪ್ಪತ್ತೊಂದು ಇದ್ದವನು ನೆಟ್ಟಗೆ ನಿಂತು ಸಾರಿನ ಉಪ್ಪು ನೋಡುತ್ತಾನೆಯೇ? ಯಂತ್ರ ಕೆಟ್ಟಿದೆ, ಅಮ್ಮನ ತೊಂಬತ್ತೇಳನ್ನೂ ನಂಬುವಂತಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು ಅವನ ಉಗುರುಗಳನ್ನೇ ನೋಡುತ್ತಿದ್ದಳು. ನೀಲಿಯಾಗಿದ್ದವು. ನಿನ್ನೆ ತಕ್ಕಡಿಗೆ ಬಳಿದ ಬಣ್ಣ, ಉಜ್ಜಿದರೂ ಹೋಗುತ್ತಿಲ್ಲ ಎಂದ.

ಅಮ್ಮನನ್ನು ಆಸ್ಪತ್ರೆಗೆ ಹೊರಡಿಸುವಾಗ ಕಿಟಕಿಯತ್ತ ನೋಡಿದ. ಅಪ್ಪ ಕುರ್ಚಿಯಲ್ಲಿದ್ದರು. ಬೆಳಿಗ್ಗೆಯೂ ಇದ್ದರು. ಬಾ, ಕೂತುಕೋ ಎನ್ನುವಂತೆ ಕೈಯಾಡಿಸಿದರು. ಅವನಿಗೆ ಭಯವಾಗಲಿಲ್ಲ, ಹಾಯೆನಿಸಿತು. ಹಾಗೆ ಹಾಯೆನಿಸಿದ್ದಕ್ಕೇ ಆಮೇಲೆ ಮೈ ಜುಮ್ಮೆಂದಿತು. ಅಮ್ಮನನ್ನು ಕರೆದೊಯ್ಯಲು ಬಂದಿದ್ದಾರೆ ಎಂದುಕೊಂಡ.

ಅಮ್ಮನನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ನಡುವೆ ನಿಲ್ಲಬೇಕಾಯಿತು.

"ನಿನ್ನನ್ನೇ ಒಂದ್ಸಲ ತಕ್ಕಡಿಗೆ ಹಾಕ್ಬೇಕಮ್ಮ," ಎಂದ.

"ನಂಗೇನೂ ಆಗಲ್ಲ ಕಣೋ. ನೀನು ಸ್ವಲ್ಪ ಕೂತ್ಕೋ," ಎಂದಳು ಅಮ್ಮ.

ಕೂರಲಿಲ್ಲ. ಕಿಟಕಿ ಬಳಿ ಅಪ್ಪನೂ ಅದನ್ನೇ ಹೇಳಿದ್ದರಲ್ಲ.

ಆಸ್ಪತ್ರೆಯಲ್ಲಿ ನರ್ಸ್ ತಮ್ಮ ಯಂತ್ರ ತಂದು ಅಮ್ಮನ ಬೆರಳಿಗೆ ಹಾಕಿದರು. ತೊಂಬತ್ತೇಳು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಡಾಕ್ಟರು, ಕೆಮ್ಮಿನ ಅಬ್ಬರ ದೊಡ್ಡದು ಅಷ್ಟೇ, ಮನೆಯಲ್ಲೇ ವಾಸಿಯಾಗುತ್ತದೆ ಎಂದರು. ಅವನು ಒಪ್ಪಲಿಲ್ಲ. ಇದೂ ಕೆಟ್ಟಿರಬೇಕು, ಬೇರೆ ತನ್ನಿ ಎಂದು ಹಟ ಹಿಡಿದ.

"ನಿಮ್ಮನೇದು ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?" ನರ್ಸ್ ಕೇಳಿದರು.

"ನಂಗೇ ಹಾಕ್ಕೊಂಡು ನೋಡಿದೆ ಸಿಸ್ಟರ್. ಎಪ್ಪತ್ತೊಂದು ಅಂತು."

ನರ್ಸ್ ನಗಲಿಲ್ಲ. ಅವನ ತುಟಿಗಳನ್ನೊಮ್ಮೆ ನೋಡಿ, ಕೈಯೆಳೆದು, ನೀಲಿ ಉಗುರಿನ ಬೆರಳಿಗೆ ತಮ್ಮ ಯಂತ್ರ ಸಿಕ್ಕಿಸಿದರು. ಅಂಕಿ ಮೂಡುವ ಮೊದಲೇ ಡಾಕ್ಟರು ಯಾರನ್ನೋ ಕೂಗಿದರು. ಗಾಲಿಕುರ್ಚಿಯೊಂದು ದಡದಡನೆ ಬಂತು. ಅಪ್ಪನಿಗೂ ಆಕ್ಸಿಜನ್ ಹೀಗೇ ಇಳಿದಿರಬೇಕು; ಕೊನೆಯ ದಿನ ಅವರು ಅಷ್ಟೊಂದು ನಕ್ಕಿದ್ದೇಕೆಂದು ಅವನಿಗೆ ಆಗ ಹೊಳೆಯಿತು.

ಅಮ್ಮ ಕೆಮ್ಮುತ್ತಲೇ ಎದ್ದು, ಮಗನ ತೋಳು ಹಿಡಿದು, ಮೆಲ್ಲಗೆ ಗಾಲಿಕುರ್ಚಿಯಲ್ಲಿ ಕೂರಿಸಿದಳು.