ಏಳು ಕೈಗೆ ಒಂದೇ ಲೈಸೆನ್ಸ್

ಬರೆದವರ ಶೈಲಿ ಗುರುತು ಹಿಡಿದು ಕಾವಲು ತಂತ್ರಾಂಶ ಒತ್ತುವ ಮುದ್ರೆಯಿಲ್ಲದ ಇಮೇಲ್ ಯಾರಿಗೂ ತಲುಪದ ಕಾಲವದು. ತಲೆಗೊಂದು ಲೈಸೆನ್ಸು, ಅದರ ಬೆಲೆ ಕೇಳಿದರೆ ಬ್ಯಾಡಗಿ ಮೆಣಸಿನಕಾಯಿಯೂ ಬೆಳ್ಳಗಾಗಬೇಕು! ಆದರೆ ಮೆಣಸಿನಕಾಯಿ ವ್ಯಾಪಾರಿ ಈರಬಸಪ್ಪನಂಥ ಚಾಣಾಕ್ಷ ಮೂರು ಲೋಕದಲ್ಲೂ ಇರಲಿಲ್ಲ. ತನ್ನ ಹೆಸರಿನಲ್ಲಿ ಒಂದೇ ಲೈಸೆನ್ಸ್ ಕೊಂಡು, ಅಂಗಡಿಯ ಏಳೂ ಗುಮಾಸ್ತರಿಂದ ಇಪ್ಪತ್ತು ವರ್ಷ ಅದರಲ್ಲೇ ಬರೆಸಿದ. ತವರಿಗೆ ಹೋದ ಹೆಂಡತಿಗೂ ಅವರೇ ಬರೆಯುತ್ತಿದ್ದರು; ಅವಳು ಮಾತ್ರ ಅಪ್ಪ ಕೊಡಿಸಿದ ಲೈಸೆನ್ಸಿನಲ್ಲಿ ತಾನೇ ಉತ್ತರ ಬರೆಯುತ್ತಿದ್ದಳು.

ಇವತ್ತು ಆ ಹೆಂಡತಿ ಶಾಂತವ್ವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಯಾರನ್ನೂ ಒಳಗೆ ಬಿಡದ ಕೋಣೆಯಲ್ಲಿ, ಫೋನಿನಲ್ಲಿ ಮಾತಾಡಲೂ ಆಗದೆ, ಕೊನೆಯ ಗಳಿಗೆ ಎಣಿಸುತ್ತಿದ್ದಳು. ಈರಬಸಪ್ಪ ಮೊದಲ ಸಲ ತಾನೇ ಬರೆಯಲು ಕೂತ. ಸಮುದ್ರದಷ್ಟು ಅತ್ತು ನಾಲ್ಕು ಸಾಲು ಬರೆದ. "ಇದು ಈರಬಸಪ್ಪನವರ ಬರವಣಿಗೆಯಲ್ಲ" ಎಂದು ತಂತ್ರಾಂಶ ತಡೆಯಿತು.

"ನಾನ ಈರಬಸಪ್ಪ ಅದೀನಿ!" ಎಂದು ತಂತ್ರಾಂಶದ ಕಂಪನಿಯವಳಿಗೆ ಫೋನಿನಲ್ಲಿ ಕೂಗಿದ. "ಬೇಕಾದ್ರ ಅಂಗಡೀನ ಬರಕೊಡ್ತೀನಿ, ಇನ್ನೊಂದು ಲೈಸೆನ್ಸ್ ಕೊಡವಾ."

"ಕೊಡ್ತೀವ್ರಿ ಯಜಮಾನ್ರ. ಆದ್ರ ನಿಮ್ಮ ಬರವಣಿಗಿ ಗುರ್ತು ಹಿಡ್ಯಾಕ ಅದಕ್ಕ ಒಂದು ವರ್ಷ ಬೇಕು."

ಕಡೆಗೆ ಗುಮಾಸ್ತ ಫಕೀರಪ್ಪ ಎಂದಿನಂತೆ ಬರೆದ: "ಪ್ರಿಯ ಶಾಂತಾ, ಇಲ್ಲಿ ಎಲ್ಲ ಕ್ಷೇಮ. ಆರೋಗ್ಯ ನೋಡಿಕೊಳ್ಳುವುದು." ಮುದ್ರೆ ಬಿತ್ತು, ಮೇಲ್ ಮಿಂಚಿಗಿಂತ ಬೇಗ ಹೋಯಿತು.

ಮರುಕ್ಷಣವೇ ಶಾಂತವ್ವನ ಉತ್ತರ ಬಂತು: "ಫಕೀರಪ್ಪಾ, ಇವತ್ತಾದ್ರೂ ಅವ್ರ ಬರೀತಾರಂತ ಕಾಯ್ಕೋತ ಇದ್ನಪಾ."